ಮನಸ್ಸು ಮಾಡಿದರೆ ಬಿಡಬಹುದಲ್ವಾ? ವ್ಯಸನದಿಂದ ಹೊರಬರುವವರ ಕೈಯಲ್ಲಿ ಇರುವುದೇನು, ಇಲ್ಲದಿರುವುದೇನು

ಮನೆಯಲ್ಲಿ ಒಬ್ಬರು ಕುಡಿತ ಬಿಡುತ್ತೇನೆ ಎಂದು ಹೊರಟಾಗ ಸುತ್ತಲಿನವರಿಂದ ಎರಡು ಬಗೆಯ ಮಾತು ಬರುತ್ತದೆ. "ಮನಸ್ಸು ಮಾಡಿದ್ರೆ ಬಿಡೋಕೇನು ಕಷ್ಟ?" ಎನ್ನುವವರು ಒಂದು ಕಡೆ. "ಅದೊಂದು ಕಾಯಿಲೆ, ಪಾಪ ಅವನ ಕೈಯಲ್ಲಿ ಏನೂ ಇಲ್ಲ" ಎನ್ನುವವರು ಇನ್ನೊಂದು ಕಡೆ. ಮೊದಲ ಮಾತಿಗೆ ಬಿಡಲು ಹೊರಟವರು ತಲೆ ತಗ್ಗಿಸುತ್ತಾರೆ. ಎರಡನೆಯ ಮಾತಿಗೆ ಕೈಚೆಲ್ಲಿ ಕೂರುತ್ತಾರೆ. ಎರಡೂ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜಗಳ ನಡುವೆ ಇರುವ ಜಾಗವೇ ಬಿಡಲು ಹೊರಟವರಿಗೆ ಬೇಕಾದದ್ದು.

ಆ ಜಾಗ ಎಷ್ಟು ದೊಡ್ಡದು? ಅದು ಯಾವಾಗ ಸಿಗುತ್ತದೆ, ಯಾವಾಗ ಕೈತಪ್ಪುತ್ತದೆ? ನಮ್ಮ ಭಾವನೆಗಳನ್ನು ನಾವೇ ಗುರುತಿಸುವುದಕ್ಕೂ ಅದಕ್ಕೂ ಏನು ಸಂಬಂಧ? ಬುಡದಿಂದ ನೋಡೋಣ.

ಒಂದು ಪದ, ಎರಡು ಅರ್ಥ

ನಾವು ‘ಚಟ’ ಎಂಬ ಪದವನ್ನು ತುಂಬಾ ಸಡಿಲವಾಗಿ ಬಳಸುತ್ತೇವೆ. ಹರಟೆ ಹೊಡೆಯುವುದೂ ಚಟ, ಉಗುರು ಕಚ್ಚುವುದೂ ಚಟ, ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ ಬಾಟಲಿ ಹುಡುಕುವುದೂ ಚಟವೇ. ಹೀಗಾಗಿ ಎಲ್ಲಕ್ಕೂ ಒಂದೇ ಮದ್ದು ಸಾಕು ಎಂಬ ಭಾವನೆ ಬಂದುಬಿಟ್ಟಿದೆ.

ವೈದ್ಯರು ವ್ಯಸನ ಎನ್ನುವಾಗ ನೋಡುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅಮಲು ಪದಾರ್ಥಗಳ ಮೇಲಿನ ಅವಲಂಬನೆಗೆ ಅದು ಮೂರು ಗುರುತು ಹೇಳುತ್ತದೆ. ಎಷ್ಟು, ಯಾವಾಗ, ಎಲ್ಲಿ ನಿಲ್ಲಿಸಬೇಕು ಎಂಬ ಹಿಡಿತ ತಪ್ಪಿರುವುದು. ಕೆಲಸ, ಮನೆ, ಆರೋಗ್ಯ ಎಲ್ಲಕ್ಕಿಂತ ಅದೇ ಮುಂದಾಗುತ್ತಾ ಹೋಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು. ಮತ್ತೆ ದೇಹ ಅದಕ್ಕೆ ಒಗ್ಗಿಹೋಗಿರುವುದು, ಅಂದರೆ ಅದೇ ಮತ್ತಿಗೆ ಜಾಸ್ತಿ ಜಾಸ್ತಿ ಬೇಕಾಗುವುದು, ಬಿಟ್ಟರೆ ನಡುಕ, ಬೆವರು, ನಿದ್ದೆಗೇಡು ಶುರುವಾಗುವುದು. ಜೂಜು ಮತ್ತು ವಿಡಿಯೊ ಗೇಮಿನ ಗೀಳೂ ಈ ಪಟ್ಟಿಯಲ್ಲಿವೆ. ಅಲ್ಲಿ ಹೊಟ್ಟೆಗೆ ಹೋಗುವ ಪದಾರ್ಥವೇ ಇಲ್ಲ, ಆದರೂ ಹಿಡಿತ ತಪ್ಪುವ ಬಗೆ ಇದೇ.

ಇನ್ನು ‘ವ್ಯಸನ’ ಎಂಬ ಪದ ನೋಡಿ. ಅದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ: ದುಃಖ, ಸಂಕಟ. ‘ವ್ಯಸನಪಡಬೇಡ’ ಎಂದರೆ ಕೊರಗಬೇಡ ಎಂದೇ ಅರ್ಥ. ಒಂದೇ ಪದ ಗೀಳಿಗೂ ಸಂಕಟಕ್ಕೂ ಇದೆ. ಈ ಲೇಖನದ ಅರ್ಧ ವಿಷಯ ಆ ಪದದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಗೀಳನ್ನು ಮಾತ್ರ ನೋಡಿ ಸಂಕಟವನ್ನು ನೋಡದಿದ್ದರೆ ಬಿಡುವ ದಾರಿ ಅರ್ಧಕ್ಕೇ ನಿಲ್ಲುತ್ತದೆ.

ಖುಷಿಯೇ ಇಲ್ಲ, ಆದರೂ ಬೇಕು

ಹಳೆಯ ಕುಡುಕರು ಹಲವರು ಒಂದು ಮಾತು ಹೇಳುತ್ತಾರೆ: "ಈಗ ಕುಡಿದರೆ ಖುಷಿನೂ ಇಲ್ಲ. ಆದರೂ ಬೇಕು." ಕೇಳುವವರಿಗೆ ಇದು ನೆಪದಂತೆ ಕಾಣುತ್ತದೆ. ಆದರೆ ಮಿದುಳಿನ ಮಟ್ಟದಲ್ಲಿ ಇದು ನಿಜ.

ಡೋಪಮೈನ್ ಎಂಬ ರಾಸಾಯನಿಕದ ಹೆಸರು ಕೇಳಿರುತ್ತೀರಿ. ಅದನ್ನು ಖುಷಿಯ ರಾಸಾಯನಿಕ ಎಂದು ಕರೆಯುವುದು ರೂಢಿ. ಅದು ಅಷ್ಟು ಸರಿಯಲ್ಲ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಕೋತಿಗೆ ಹಣ್ಣಿನ ರಸದ ಹನಿ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮೊದಲು ಒಂದು ದೀಪ ಹೊತ್ತುತ್ತದೆ ಎಂದು ಕೋತಿ ಕಲಿತ ಮೇಲೆ ದೀಪ ಹೊತ್ತಿದಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ಅಂದರೆ ಈ ರಾಸಾಯನಿಕ ಹೇಳುವುದು ‘ಚೆನ್ನಾಗಿದೆ’ ಎಂದಲ್ಲ, ‘ಬರ್ತಾ ಇದೆ, ಎದ್ದೇಳು’ ಎಂದು.

1993ರಲ್ಲಿ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ ಇದನ್ನು ವ್ಯಸನಕ್ಕೆ ಅನ್ವಯಿಸಿ ವಿವರಿಸಿದರು. ‘ಬೇಕು’ ಅನ್ನಿಸುವುದು ಬೇರೆ, ‘ಹಿಡಿಸಿತು’ ಅನ್ನಿಸುವುದು ಬೇರೆ. ಮಿದುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ವ್ಯವಸ್ಥೆಗಳಿವೆ. ಅಮಲು ಪದಾರ್ಥವನ್ನು ಮತ್ತೆ ಮತ್ತೆ ಬಳಸಿದಾಗ ‘ಬೇಕು’ ಎಂಬುದು ಹೆಚ್ಚುತ್ತಾ ಹೋಗುತ್ತದೆ. ‘ಹಿಡಿಸಿತು’ ಎಂಬುದು ಅಲ್ಲೇ ಇರುತ್ತದೆ, ಇಲ್ಲವೇ ಕುಗ್ಗುತ್ತದೆ. ಹಾಗಾಗಿ ಆ ರಸ್ತೆ, ಆ ಗೆಳೆಯ, ಸಂಜೆಯ ಆ ಹೊತ್ತು, ಸಂಬಳದ ಆ ದಿನ, ಎಲ್ಲವೂ ಕೋತಿಯ ಎದುರಿನ ದೀಪಗಳಾಗಿಬಿಡುತ್ತವೆ. ಆಡುಮಾತಿನಲ್ಲಿ ತಲುಬು ಎನ್ನುತ್ತೇವಲ್ಲ, ಅದು ಹೊತ್ತಿಕೊಳ್ಳುವುದು ಹೀಗೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಮೆಲ್ಲಗೆ ನಡೆಯುತ್ತದೆ. ಮೊದಲು ಖುಷಿಗೆಂದು ಕುಡಿದವರು ಆಮೇಲೆ ಸಂಕಟ ತಪ್ಪಿಸಿಕೊಳ್ಳಲು ಕುಡಿಯುತ್ತಾರೆ. ಅಮಲಿನ ಎತ್ತರಕ್ಕೆ ಎದುರಾಗಿ ದೇಹ ತನ್ನ ಒತ್ತಡದ ವ್ಯವಸ್ಥೆಯನ್ನು ಜಾಸ್ತಿ ಮಾಡಿಕೊಂಡಿರುತ್ತದೆ. ಅಮಲು ಇಳಿದಾಗ ಆ ಒತ್ತಡವೊಂದೇ ಉಳಿಯುತ್ತದೆ. ಕಾರಣವಿಲ್ಲದ ಕಳವಳ, ಸಿಡುಕು, ಯಾವುದರಲ್ಲೂ ರುಚಿ ಇಲ್ಲದಿರುವುದು. ಅದನ್ನು ತಣಿಸಲು ಮತ್ತೆ ಅದೇ ಪದಾರ್ಥ.

ಹಾಗಾದರೆ ಆಯ್ಕೆ ಎಂಬುದು ಉಳಿದಿದೆಯೇ?

ಉಳಿದಿದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಬಳಕೆ ಹಬ್ಬಿತ್ತು. 1971ರಲ್ಲಿ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಐವರಲ್ಲಿ ಒಬ್ಬರು ಅಲ್ಲಿದ್ದಾಗ ವ್ಯಸನಿಗಳಾಗಿದ್ದುದಾಗಿ ಹೇಳಿದರು. ಅವರಲ್ಲಿ ತಾಯ್ನಾಡಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಸುಮಾರು ಶೇ. 5, ಮೂರು ವರ್ಷದೊಳಗೆ ಸುಮಾರು ಶೇ. 12 ಮಾತ್ರ. ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಒಮ್ಮೆ ಹೆರಾಯಿನ್ ಹಿಡಿದರೆ ಮುಗಿಯಿತು ಎಂದು ನಂಬಿದ್ದ ಕಾಲದಲ್ಲಿ ಈ ಅಂಕಿಗಳನ್ನು ಒಪ್ಪುವುದೇ ಹಲವರಿಗೆ ಕಷ್ಟವಾಯಿತು.

ಇದನ್ನು ‘ನೋಡಿ, ಎಲ್ಲ ಮನಸ್ಸಿನ ಗಟ್ಟಿತನ’ ಎಂದು ಓದಿದರೆ ತಪ್ಪಾಗುತ್ತದೆ. ಸೈನಿಕರ ಜೊತೆ ಅವರ ಇಡೀ ಸುತ್ತಮುತ್ತಲೂ ಬದಲಾಗಿತ್ತು. ಸಾವಿನ ಭಯ, ಕೈಗೆಟಕುವ ಹೆರಾಯಿನ್, ಬೇಸರದ ದಿನಗಳು, ಜೊತೆಗೆ ಬಳಸುತ್ತಿದ್ದ ಗೆಳೆಯರು, ಎಲ್ಲ ಹಿಂದೆ ಉಳಿದಿತ್ತು. ಮುಂದೆ ಮನೆ, ಕೆಲಸ, ಕಾಯುತ್ತಿದ್ದವರು ಇದ್ದರು. ದೀಪಗಳು ಆರಿದ್ದವು ಎನ್ನಬಹುದು.

ಇನ್ನೊಂದು ಕಡೆಯಿಂದಲೂ ಇದೇ ಮಾತು ಬರುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ಟೀಫನ್ ಹಿಗ್ಗಿನ್ಸ್ ಮತ್ತು ಸಂಗಡಿಗರು ಕೊಕೇನ್ ವ್ಯಸನಿಗಳಿಗೆ ಒಂದು ಸರಳ ಏರ್ಪಾಡು ಮಾಡಿದರು. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಕಾಣದಿದ್ದರೆ ಬೇಕಾದ ವಸ್ತು ಕೊಳ್ಳಲು ಚೀಟಿ ಸಿಗುತ್ತಿತ್ತು. ಬರೀ ಮಾತಿನ ಚಿಕಿತ್ಸೆಗಿಂತ ಇದು ಚೆನ್ನಾಗಿ ಕೆಲಸ ಮಾಡಿತು. ಇಲಿಗಳ ಮೇಲೆ 2018ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮನಮುಟ್ಟುವಂಥದ್ದು. ಒಂದು ಸನ್ನೆಕೋಲು ಒತ್ತಿದರೆ ಅಮಲು, ಇನ್ನೊಂದು ಒತ್ತಿದರೆ ಬಾಗಿಲು ತೆರೆದು ಜೊತೆಗಾರ ಇಲಿ. ವ್ಯಸನ ಹಿಡಿದಿದ್ದ ಇಲಿಗಳೂ ಜೊತೆಗಾರನ ಸನ್ನೆಕೋಲನ್ನೇ ಒತ್ತಿದವು. ಜೊತೆಗಾರ ಸಿಗುವುದು ತಡವಾದಾಗ, ಇಲ್ಲವೇ ಆ ಸನ್ನೆಕೋಲು ಒತ್ತಿದಾಗ ಶಾಕ್ ಹೊಡೆಸಿದಾಗ ಮತ್ತೆ ಅಮಲಿನ ಕಡೆ ವಾಲಿದವು.

ಆಯ್ಕೆ ಸತ್ತಿಲ್ಲ, ಆದರೆ ಅದು ಗಾಳಿಯಲ್ಲಿ ತೇಲುವ ವಸ್ತುವೂ ಅಲ್ಲ. ಎದುರಿಗೆ ಇನ್ನೇನು ಸಿಗುತ್ತದೆ, ಎಷ್ಟು ಬೇಗ ಸಿಗುತ್ತದೆ, ಎಷ್ಟು ನೋವು ಕೊಟ್ಟು ಸಿಗುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಇಳಿಜಾರಿನ ಯಾವ ಜಾಗದಲ್ಲಿ ನಿಲ್ಲಬಹುದು

ಕಡಿದಾದ ಇಳಿಜಾರಿನಲ್ಲಿ ಓಡುವುದನ್ನು ಊಹಿಸಿ. ಮೇಲಿನ ತುದಿಯಲ್ಲಿ ನಿಂತವರು ಸುಮ್ನೆ ತಿರುಗಿ ಹೋಗಬಹುದು. ನಾಲ್ಕು ಹೆಜ್ಜೆ ಇಳಿದವರು ಸ್ವಲ್ಪ ಕಷ್ಟಪಟ್ಟು ನಿಲ್ಲಬಹುದು. ಅರ್ಧ ಇಳಿದವರ ಕಾಲು ಅವರ ಮಾತು ಕೇಳುವುದಿಲ್ಲ. ಮೂವರಿಗೂ ಇರುವುದು ಅದೇ ಕಾಲು, ಅದೇ ಮನಸ್ಸು. ನಿಂತ ಜಾಗ ಮಾತ್ರ ಬೇರೆ.

ಲೋಟ ಕೈಯಲ್ಲಿ ಹಿಡಿದವರಿಗೆ ‘ಈಗ ಇಡು’ ಎನ್ನುವುದು ಅರ್ಧ ಇಳಿಜಾರಿನಲ್ಲಿರುವವರಿಗೆ ನಿಲ್ಲು ಎಂದಂತೆ. ಆಯ್ಕೆಗೆ ಬಲ ಇರುವುದು ಅದಕ್ಕಿಂತ ತುಂಬಾ ಮೇಲೆ. ಸಂಜೆ ಯಾವ ದಾರಿಯಲ್ಲಿ ಮನೆಗೆ ಹೋಗುತ್ತೇನೆ? ಸಂಬಳದ ದಿನ ಹಣ ಯಾರ ಕೈಯಲ್ಲಿ ಇರುತ್ತದೆ? ಆ ನಂಬರು ಫೋನಿನಲ್ಲಿ ಇರಬೇಕಾ? ಕೆಲಸ ಬಿಟ್ಟ ಮೇಲಿನ ಮೊದಲ ಒಂದು ಗಂಟೆ ಎಲ್ಲಿ ಕಳೆಯುತ್ತೇನೆ? ಇವು ನೋಡಲು ಚಿಲ್ಲರೆ ವಿಷಯಗಳು. ಆದರೆ ತುದಿಯಲ್ಲಿ ತೆಗೆದುಕೊಳ್ಳುವ ನಿರ್ಧಾರಗಳು ಇವೇ.

ಬೆಳಗ್ಗೆ ಮಾಡಿದ ಆಣೆ ಸಂಜೆ ಮುರಿಯುವುದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ತಣ್ಣಗಿರುವ ಮನಸ್ಸಿಗೆ ತಾನು ಕಾವೇರಿದಾಗ ಹೇಗಿರುತ್ತೇನೆ ಎಂದು ಊಹಿಸಲು ಬರುವುದಿಲ್ಲ. ಜಾರ್ಜ್ ಲೋವೆನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞ ಇದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಬೆಳಗ್ಗೆ ಆಣೆ ಮಾಡಿದವರು ಸುಳ್ಳು ಹೇಳಿರುವುದಿಲ್ಲ. ಸಂಜೆಯ ತಮ್ಮನ್ನು ಅವರು ಇನ್ನೂ ಭೇಟಿಯಾಗಿರುವುದಿಲ್ಲ, ಅಷ್ಟೇ. ಅದಕ್ಕೇ ಬರೀ ‘ಇನ್ನು ಮುಟ್ಟಲ್ಲ’ ಎಂಬ ಆಣೆಗಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಸಣ್ಣ ಯೋಜನೆ ಮೇಲು. ‘ಅವನು ಫೋನ್ ಮಾಡಿ ಕರೆದರೆ, ಬರಲ್ಲ ಎಂದು ಹೇಳಿ ಕೂಡಲೇ ಅಕ್ಕನಿಗೆ ಫೋನ್ ಮಾಡುತ್ತೇನೆ.’ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇಂಥ ‘ಆದರೆ–ಮಾಡುತ್ತೇನೆ’ ಯೋಜನೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಆ ಗಳಿಗೆ ಬಂದಾಗ ಹೊಸದಾಗಿ ಯೋಚಿಸುವ ಹೊರೆ ಇರುವುದಿಲ್ಲ. ಬೆಳಗ್ಗೆಯೇ ಸಂಜೆಯ ಕೆಲಸ ಮುಗಿಸಿಟ್ಟ ಹಾಗೆ.

‘ಬೇಜಾರಾಯ್ತು, ಕುಡಿದೆ’

ಈಗ ವ್ಯಸನದ ಎರಡನೆಯ ಅರ್ಥಕ್ಕೆ ಬರೋಣ. ನಾವು ತುದಿಯಲ್ಲಿದ್ದೇವೋ ಅರ್ಧ ಇಳಿದಿದ್ದೇವೋ ಎಂದು ಗೊತ್ತಾಗುವುದು ಹೇಗೆ? ಭಾವನೆಯಿಂದಲೇ.

ಮರಳಿ ಬಿದ್ದವರನ್ನು ‘ಆಗ ಏನಾಗಿತ್ತು’ ಎಂದು ವಿವರವಾಗಿ ಕೇಳಿದವರಲ್ಲಿ ಅಲನ್ ಮಾರ್ಲಟ್ ಎಂಬ ಮನಃಶಾಸ್ತ್ರಜ್ಞರು ಮುಖ್ಯರು. ಕುಡಿತ, ಸಿಗರೇಟು, ಹೆರಾಯಿನ್, ಜೂಜು, ಯಾವುದೇ ಇರಲಿ, ಸುಮಾರು ಮುಕ್ಕಾಲು ಪಾಲು ಸಂದರ್ಭಗಳು ಮೂರೇ ಗುಂಪಿಗೆ ಸೇರಿದವು: ಕೋಪ, ಕಳವಳ, ಒಂಟಿತನದಂಥ ಕಹಿ ಭಾವನೆ; ಹತ್ತಿರದವರ ಜೊತೆ ಜಗಳ; ಬೇರೆಯವರ ಒತ್ತಾಯ. ಮೊದಲನೆಯದೊಂದೇ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇತ್ತು. ಎಡ್ವರ್ಡ್ ಖಾಂಟ್ಸಿಯನ್ ಎಂಬ ಮನೋವೈದ್ಯರು 1985ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಲವರಿಗೆ ಅಮಲು ಎಂಬುದು ತಾಳಲಾರದ ಭಾವನೆಗೆ ತಾವೇ ಕೊಟ್ಟುಕೊಂಡ ಮದ್ದು ಎಂದರು. ಎಲ್ಲರ ವಿಷಯದಲ್ಲೂ ಇದು ಹೊಂದುವುದಿಲ್ಲ. ಸುಮ್ನೆ ಗೆಳೆಯರ ಜೊತೆ ಶುರುವಾಗಿ ಸಿಕ್ಕಿಹಾಕಿಕೊಂಡವರೂ ಬೇಕಾದಷ್ಟಿದ್ದಾರೆ. ಆದರೆ ‘ಯಾಕೆ ಈ ಚಟ?’ ಎಂದು ಕೇಳುವ ಮೊದಲು ‘ಯಾವ ನೋವಿಗೆ?’ ಎಂದು ಕೇಳಬಹುದು ಎಂದು ಅವರು ತೋರಿಸಿದರು.

ತೊಂದರೆ ಏನೆಂದರೆ, ಆ ನೋವಿನ ಹೆಸರು ಎಷ್ಟೋ ಸಲ ಅನುಭವಿಸುವವರಿಗೇ ಗೊತ್ತಿರುವುದಿಲ್ಲ. ತನ್ನೊಳಗಿನ ಭಾವನೆಗೆ ಪದ ಸಿಗದ ಈ ಸ್ಥಿತಿಗೆ 1970ರ ದಶಕದ ಮೊದಲಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ‘ಅಲೆಕ್ಸಿಥೈಮಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಭಾವನೆಗೆ ಪದವಿಲ್ಲ’ ಎಂದೇ. ವ್ಯಸನದಲ್ಲಿ ಇರುವವರಲ್ಲಿ ಇದು ಉಳಿದವರಿಗಿಂತ ಜಾಸ್ತಿ ಕಾಣುತ್ತದೆ.

ನಮ್ಮ ಮಾತಿನಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ‘ಬೇಜಾರು’ ಎಂಬ ಪದವನ್ನು ನಾವು ಯಾವುದಕ್ಕೆಲ್ಲ ಬಳಸುತ್ತೇವೆ? ಹೊತ್ತು ಹೋಗದಿದ್ದರೂ ಬೇಜಾರು. ಯಾರಾದರೂ ತೀರಿಕೊಂಡರೂ ಬೇಜಾರು. ತಮ್ಮ ಎದುರು ಮಾತಾಡಿದರೂ ಬೇಜಾರು. ಕೆಲಸ ಹೋದರೂ ಬೇಜಾರು. ‘ಬೇಜಾರಾಯ್ತು, ಕುಡಿದೆ’ ಎಂದವರ ಆ ಒಂದು ಪದದ ಒಳಗೆ ಏನಿತ್ತು? ಅವಮಾನವೇ? ಒಂಟಿತನವೇ? ಹೊಟ್ಟೆಕಿಚ್ಚೇ? ನಾಳೆಯ ಬಗ್ಗೆ ಅಳುಕೇ? ಹಳೆಯ ತಪ್ಪಿನ ಹಳಹಳಿಯೇ? ಮುಜುಗರ, ಕಸಿವಿಸಿ, ರೇಜಿಗೆ, ಮುನಿಸು, ತಳಮಳ, ದಣಿವು ಎಂದು ನಮ್ಮಲ್ಲಿ ಎಷ್ಟೊಂದು ಪದಗಳಿವೆ. ಒಂದೊಂದೂ ಬೇರೆ ಬೇರೆ ಭಾವನೆ.

ಹೆಸರು ಬೇರೆಯಾದರೆ ಮಾಡಬೇಕಾದ್ದೂ ಬೇರೆಯಾಗುತ್ತದೆ. ಒಳಗಿರುವುದು ದಣಿವಾದರೆ ಮಲಗಬೇಕು. ಒಂಟಿತನವಾದರೆ ಯಾರ ಜೊತೆಗಾದರೂ ಮಾತಾಡಬೇಕು. ಅವಮಾನವಾದರೆ ನಂಬಿಕೆಯ ಒಬ್ಬರ ಬಳಿ ನಡೆದದ್ದನ್ನು ಹೇಳಿಕೊಳ್ಳಬೇಕು. ಅಳುಕಾದರೆ ಅಳುಕಿನ ಕಾರಣ ಹುಡುಕಿ ಅದರ ಒಂದು ತುದಿಯನ್ನಾದರೂ ಹಿಡಿಯಬೇಕು. ಎಲ್ಲವನ್ನೂ ಬೇಜಾರು ಎಂದರೆ ಎಲ್ಲಕ್ಕೂ ಗೊತ್ತಿರುವ ಒಂದೇ ಮದ್ದು ನೆನಪಾಗುತ್ತದೆ.

2010ರಲ್ಲಿ ಪ್ರಕಟವಾದ ಟಾಡ್ ಕಶ್ಡನ್ ಮತ್ತು ಸಂಗಡಿಗರ ಅಧ್ಯಯನ ಇದನ್ನು ನೇರವಾಗಿ ನೋಡಿತು. ಕುಡಿಯುವ ಅಭ್ಯಾಸವಿದ್ದ ಯುವಜನರು ಮೂರು ವಾರ ತಮ್ಮ ಭಾವನೆ ಮತ್ತು ಕುಡಿತವನ್ನು ಬರೆದಿಟ್ಟರು. ಕಹಿ ಭಾವನೆಗಳನ್ನು ಒಂದರಿಂದ ಒಂದು ಬೇರ್ಪಡಿಸಿ ಹೇಳಬಲ್ಲವರು ಮನಸ್ಸು ತುಂಬಾ ಕೆಟ್ಟಾಗಲೂ ಕಡಿಮೆ ಕುಡಿದರು. ಭಾವನೆಯ ತೀವ್ರತೆ ಒಂದೇ ಇದ್ದರೂ ಹೆಸರು ಗೊತ್ತಿದ್ದವರು ಬೇರೆ ರೀತಿ ನಡೆದುಕೊಂಡರು.

ಹೆಸರಿಡುವುದರಿಂದ ಮಿದುಳಿನಲ್ಲೂ ಏನೋ ಆಗುತ್ತದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಯ ಹೆಸರು ಆರಿಸಲು ಹೇಳಿದರು. ಹೆಸರು ಆರಿಸಿದಾಗ ಮಿದುಳಿನ ಎಚ್ಚರಿಕೆ ಗಂಟೆಯಂತಿರುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿಯಿತು. ಹಣೆಯ ಹಿಂದಿನ, ತಡೆಹಿಡಿಯುವ ಕೆಲಸಕ್ಕೆ ನೆರವಾಗುವ ಭಾಗ ಚುರುಕಾಯಿತು. ಕತ್ತಲೆಯಲ್ಲಿ ಏನೋ ಸದ್ದಾದಾಗ ಎದೆ ಹೊಡೆದುಕೊಳ್ಳುತ್ತದೆ. ದೀಪ ಹಾಕಿ ‘ಓ, ಬೆಕ್ಕು’ ಎಂದು ಗೊತ್ತಾದರೆ ಇಳಿಯುತ್ತದೆ, ಅಲ್ವಾ? ಹಾಗೆ.

ಈ ಅಭ್ಯಾಸ ಕಷ್ಟದ್ದಲ್ಲ, ನಿಧಾನದ್ದು. ಮೊದಲು ದೇಹ ಕೇಳಬೇಕು. ಎದೆ ಬಿಗಿಯೇ? ಹೊಟ್ಟೆ ಕಿವುಚುತ್ತಿದೆಯೇ? ಭುಜ ಭಾರವೇ? ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಾದರೂ ಇದೆಯೇ ಎಂದು ದಿನಕ್ಕೆ ಕೆಲವು ಸಲ ನೋಡಿಕೊಳ್ಳುವ ಪದ್ಧತಿ ಚೇತರಿಕೆಯ ಗುಂಪುಗಳಲ್ಲಿ ಬಹಳ ಹಿಂದಿನಿಂದ ಇದೆ. ಎಷ್ಟೋ ಸಲ ತಲುಬು ಅಂದುಕೊಂಡದ್ದು ಹಸಿವೇ ಆಗಿರುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಬಿಟ್ಟ ಮೊದಲ ವಾರಗಳಲ್ಲಿ ಭಾವನೆಗಳು ಇಮ್ಮಡಿಯಾಗಿ ಬರಬಹುದು. ವರ್ಷಗಟ್ಟಲೆ ಮರಗಟ್ಟಿದ್ದ ಕೈಗೆ ರಕ್ತ ಹರಿದಾಗ ಜುಮುಜುಮು ಉರಿಯುತ್ತದಲ್ಲ, ಆ ರೀತಿ. ಸಣ್ಣ ಮಾತಿಗೆ ಅಳು, ಸಣ್ಣ ಸದ್ದಿಗೆ ಸಿಟ್ಟು. ‘ಕುಡೀತಾ ಇದ್ದಾಗಲೇ ಇವನು ಚೆನ್ನಾಗಿದ್ದ’ ಎಂದು ಮನೆಯವರಿಗೂ ಅನಿಸಬಹುದು. ಇದು ಕೆಟ್ಟ ಸೂಚನೆ ಅಲ್ಲ. ಹಾಗೆಯೇ ಸಂತೋಷವೂ ಜಾರಿಸಬಲ್ಲದು. ಸಂಭ್ರಮದ ದಿನ ‘ಇವತ್ತೊಂದು ದಿನ’ ಎನ್ನುವ ಮಾತಿಗೆ ಬಿದ್ದವರು ಕಡಿಮೆ ಇಲ್ಲ.

ತಲುಬಿನ ಜೊತೆ ಕುಸ್ತಿ ಬೇಡ

ತಲುಬು ಬಂದಾಗ ಹೆಚ್ಚಿನವರು ಮಾಡುವುದು ಅದನ್ನು ಒತ್ತಿಹಿಡಿಯುವುದು. ‘ಅದರ ಬಗ್ಗೆ ಯೋಚನೆ ಮಾಡಬಾರದು’ ಎಂದು ಹಲ್ಲು ಕಚ್ಚುವುದು. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದರು. ಅವರಿಗೆ ಮತ್ತೆ ಮತ್ತೆ ಅದೇ ನೆನಪಾಯಿತು. ಆಮೇಲೆ ಯೋಚಿಸಬಹುದು ಎಂದಾಗ, ಮೊದಲಿಂದಲೇ ಯೋಚಿಸಿದವರಿಗಿಂತ ಜಾಸ್ತಿ ನೆನಪಾಯಿತು.

ಮಾರ್ಲಟ್ ಹೇಳಿಕೊಟ್ಟ ದಾರಿ ಬೇರೆ. ತಲುಬು ಅಲೆಯ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ನಡುವೆ ಇರುವವರಿಗೆ ಮಾತ್ರ ಅದು ಏರುತ್ತಲೇ ಹೋಗುತ್ತದೆ ಅನಿಸುತ್ತದೆ, ಯಾಕೆಂದರೆ ಹಿಂದೆಲ್ಲ ತುದಿ ಮುಟ್ಟುವ ಮೊದಲೇ ಕುಡಿದು ಅದನ್ನು ನಿಲ್ಲಿಸಿರುತ್ತಾರೆ. ಅಲೆ ತಾನಾಗಿ ಇಳಿಯುವುದನ್ನು ಅವರು ನೋಡಿಯೇ ಇರುವುದಿಲ್ಲ. ಹಾಗಾಗಿ ಅದನ್ನು ತಡೆಯದೆ, ಅದು ಹೇಳಿದಂತೆ ಮಾಡದೆ, ಗಮನಿಸುತ್ತಾ ಇರುವುದು. ‘ಈಗ ಗಂಟಲಲ್ಲಿದೆ. ಈಗ ಕೈಯಲ್ಲಿ ಚಡಪಡಿಕೆ. ಈಗ ಸ್ವಲ್ಪ ಇಳಿಯಿತು.’ ಗಡಿಯಾರ ನೋಡಿ ಹತ್ತು ನಿಮಿಷ ಹೀಗೆ ಕಳೆಯುವುದು, ಆಮೇಲೆ ಇನ್ನೊಂದು ಹತ್ತು ನಿಮಿಷ.

ಒಂದು ಅಲೆ ತಾನಾಗಿ ಇಳಿದದ್ದನ್ನು ಕಂಡವರಿಗೆ ಎರಡನೆಯದು ಸ್ವಲ್ಪ ಸುಲಭ. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ಬಗ್ಗೆ 1977ರಲ್ಲಿ ಬರೆದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹೇಳಿದ್ದೂ ಇದನ್ನೇ. ಆ ನಂಬಿಕೆ ಭಾಷಣ ಕೇಳಿ ಬರುವುದಕ್ಕಿಂತ ತಾನೇ ಮಾಡಿ ನೋಡಿದಾಗ ಗಟ್ಟಿಯಾಗಿ ಬರುತ್ತದೆ.

ಜಾರಿದ ಮಾರನೆಯ ಬೆಳಗ್ಗೆ

ಹಲವರು ಜಾರುತ್ತಾರೆ. 2000ದಲ್ಲಿ ಥಾಮಸ್ ಮ್ಯಾಕ್ಲೆಲನ್ ಮತ್ತು ಸಂಗಡಿಗರು ವ್ಯಸನವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾದಂಥ ದೀರ್ಘಕಾಲದ ಕಾಯಿಲೆಗಳ ಜೊತೆ ಹೋಲಿಸಿದರು. ವ್ಯಸನದಲ್ಲಿ ಚಿಕಿತ್ಸೆಯ ನಂತರ ಶೇ. 40ರಿಂದ 60ರಷ್ಟು ಜನ ಮರಳುತ್ತಾರೆ. ರಕ್ತದೊತ್ತಡ ಮತ್ತು ಆಸ್ತಮಾದವರು ಮದ್ದು, ಪಥ್ಯ ಬಿಟ್ಟು ಮತ್ತೆ ಕಷ್ಟಕ್ಕೆ ಬೀಳುವ ಪ್ರಮಾಣ ಇದಕ್ಕಿಂತ ಕಡಿಮೆ ಏನಿಲ್ಲ. ಬಿಪಿ ಏರಿದವರನ್ನು ನಾವು ಮತ್ತೆ ವೈದ್ಯರ ಬಳಿ ಕರೆದೊಯ್ಯುತ್ತೇವೆ. ಕುಡಿದವರಿಗೆ ಬೈಯುತ್ತೇವೆ.

ಬೈಗುಳಕ್ಕಿಂತ ಜಾಸ್ತಿ ಹಾನಿ ಮಾಡುವುದು ಅವರೊಳಗಿನ ನಾಚಿಕೆ. ಇಲ್ಲಿ ಎರಡು ಭಾವನೆಗಳನ್ನು ಬೇರ್ಪಡಿಸಬೇಕು. ‘ನಾನು ತಪ್ಪು ಮಾಡಿದೆ’ ಎನ್ನುವುದು ಪಶ್ಚಾತ್ತಾಪ. ‘ನಾನೇ ಸರಿಯಿಲ್ಲ’ ಎನ್ನುವುದು ನಾಚಿಕೆ. ಪಶ್ಚಾತ್ತಾಪ ಸರಿಪಡಿಸಲು ಹೊರಡಿಸುತ್ತದೆ. ನಾಚಿಕೆ ಬಚ್ಚಿಟ್ಟುಕೊಳ್ಳುವಂತೆ ಮಾಡುತ್ತದೆ, ಬಚ್ಚಿಟ್ಟುಕೊಳ್ಳಲು ಹಳೆಯ ಜಾಗ ಗೊತ್ತೇ ಇದೆ. 2013ರಲ್ಲಿ ಪ್ರಕಟವಾದ ಡೇನಿಯಲ್ ರಾಂಡಲ್ಸ್ ಮತ್ತು ಜೆಸ್ಸಿಕಾ ಟ್ರೇಸಿ ಅವರ ಅಧ್ಯಯನದಲ್ಲಿ, ಹೊಸದಾಗಿ ಕುಡಿತ ಬಿಟ್ಟವರು ತಮ್ಮ ಹಿಂದಿನ ಕುಡಿತದ ಬಗ್ಗೆ ಮಾತಾಡುವುದನ್ನು ಚಿತ್ರೀಕರಿಸಲಾಯಿತು. ಭುಜ ಕುಗ್ಗಿ, ಎದೆ ಮುದುಡಿ ನಾಚಿಕೆ ತೋರಿಸಿದವರು ಮುಂದಿನ ತಿಂಗಳುಗಳಲ್ಲಿ ಮತ್ತೆ ಕುಡಿಯುವ ಸಂಭವ ಜಾಸ್ತಿ ಇತ್ತು.

ಒಂದು ಲೋಟ ಕುಡಿದ ಮೇಲೆ ‘ಹೋಯ್ತು, ಎಲ್ಲ ಹಾಳಾಯ್ತು, ಇನ್ನೇನು’ ಎಂದು ಬಾಟಲಿ ಮುಗಿಸುವುದೂ ಇದೇ ನಾಚಿಕೆಯ ಕೆಲಸ. ಜಾರುವುದು ಬೇರೆ, ಬಿದ್ದೇ ಹೋಗುವುದು ಬೇರೆ. ನಡುವೆ ಇರುವುದು ಆ ‘ಇನ್ನೇನು’ ಎಂಬ ಮಾತು. ಮಾರನೆಯ ಬೆಳಗ್ಗೆ ಕೇಳಬೇಕಾದ ಪ್ರಶ್ನೆ ‘ನಾನು ಎಂಥವನು’ ಎಂದಲ್ಲ, ‘ನಿನ್ನೆ ಇಳಿಜಾರು ಎಲ್ಲಿ ಶುರುವಾಯಿತು’ ಎಂದು. ಉತ್ತರ ಸಾಮಾನ್ಯವಾಗಿ ಕುಡಿದ ಗಳಿಗೆಗಿಂತ ಎಷ್ಟೋ ಗಂಟೆ ಹಿಂದೆ ಸಿಗುತ್ತದೆ.

ಹ್ಯಾನಾ ಪಿಕಾರ್ಡ್ ಎಂಬ ತತ್ವಶಾಸ್ತ್ರಜ್ಞೆ ಇದನ್ನು ‘ದೂಷಣೆ ಇಲ್ಲದ ಹೊಣೆಗಾರಿಕೆ’ ಎನ್ನುತ್ತಾರೆ. ಹೊಣೆ ಹೊರಿಸದಿದ್ದರೆ ಬದಲಾಗುವ ಶಕ್ತಿ ನಿಮ್ಮಲ್ಲಿಲ್ಲ ಎಂದಂತೆ. ದೂಷಿಸಿದರೆ ಆ ಶಕ್ತಿಯನ್ನು ಮುರಿದಂತೆ. ಮೊದಲು ಹೇಳಿದ ಎರಡು ಮಾತುಗಳ ನಡುವಿನ ಜಾಗ ಇದು.

ಮನಸ್ಸು ಸಾಲದ ಕಡೆ

ಇದನ್ನು ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಹೇಳಬೇಕು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಗೇ, ಒಬ್ಬರೇ ಬಿಡಬಾರದು. ಫಿಟ್ಸ್ ಬರಬಹುದು, ಮತಿ ಕಲಕಿ ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ಕೆಲವು ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳ ವಿಷಯದಲ್ಲೂ ಹೀಗೇ. ಹೆರಾಯಿನ್‌ನಂಥ ಅಫೀಮು ಜಾತಿಯ ಪದಾರ್ಥ ಬಿಟ್ಟು ಕೆಲವು ವಾರ ಕಳೆದವರು ಮತ್ತೆ ಹಳೆಯ ಪ್ರಮಾಣ ತೆಗೆದುಕೊಂಡರೆ ಉಸಿರು ನಿಲ್ಲಬಹುದು, ಯಾಕೆಂದರೆ ದೇಹದ ಒಗ್ಗುವಿಕೆ ಆ ಹೊತ್ತಿಗೆ ಇಳಿದಿರುತ್ತದೆ.

ಬಿಡಲು ನೆರವಾಗುವ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್‌ನಂಥ ಮದ್ದುಗಳಿವೆ. ಮದ್ದು ತೆಗೆದುಕೊಂಡರೆ ಅದು ಸ್ವಂತ ಬಲದ ಚೇತರಿಕೆ ಅಲ್ಲ ಎನ್ನುವವರಿದ್ದಾರೆ. ದಿನಾ ನೆನಪಿಟ್ಟು ಮದ್ದು ತೆಗೆದುಕೊಳ್ಳುವುದೂ ತುದಿಯಲ್ಲಿ ಮಾಡುವ ಆಯ್ಕೆಯೇ. ಖಿನ್ನತೆ, ಹಳೆಯ ಆಘಾತ ಜೊತೆಗಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಬದುಕೇ ಬೇಡ ಅನಿಸುತ್ತಿದ್ದರೆ ಒಂದು ಗಳಿಗೆಯೂ ಕಾಯದೆ ಯಾರಿಗಾದರೂ ಹೇಳಿ ಆಸ್ಪತ್ರೆಗೆ ಹೋಗಬೇಕು.

ಮಿದುಳು ಚೇತರಿಸಿಕೊಳ್ಳುತ್ತದೆ, ಆದರೆ ಅದರದೇ ವೇಗದಲ್ಲಿ. 2001ರಲ್ಲಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು ಮೆಥಾಂಫೆಟಮೈನ್ ಎಂಬ ಅಮಲು ಪದಾರ್ಥ ಬಿಟ್ಟು ಒಂದು ವರ್ಷ ದಾಟಿದವರ ಮಿದುಳಿನಲ್ಲಿ ಡೋಪಮೈನ್ ವ್ಯವಸ್ಥೆಯ ಒಂದು ಮುಖ್ಯ ಭಾಗ ಗಣನೀಯವಾಗಿ ಮರಳಿದ್ದನ್ನು ಕಂಡರು. ನೆನಪು, ಚಲನೆಯ ಪರೀಕ್ಷೆಗಳಲ್ಲಿ ಅಷ್ಟು ಸುಧಾರಣೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೂರನೇ ತಿಂಗಳಲ್ಲಿ ‘ಇನ್ನೂ ಯಾವುದರಲ್ಲೂ ರುಚಿ ಇಲ್ಲ’ ಎನ್ನುವವರು ಸೋತಿಲ್ಲ. ಅವರು ದಾರಿಯ ನಡುವೆ ಇದ್ದಾರೆ.

ಮನೆಯವರು ಏನು ಕೇಳಬಹುದು

ಒತ್ತಾಯ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? 1983ರಲ್ಲಿ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆಯವರ ಜೊತೆ ಮಾತಾಡುವ ಹೊಸ ಬಗೆಯೊಂದನ್ನು ವಿವರಿಸಿದರು. ಕುಡಿಯುವವರ ಮನಸ್ಸಿನಲ್ಲಿ ಬಿಡಬೇಕು, ಬಿಡಬಾರದು ಎಂಬ ಎರಡೂ ದನಿ ಇರುತ್ತವೆ. ನಾವು ‘ಬಿಡು’ ಎಂದು ವಾದ ಮಾಡಿದರೆ ಅವರು ಇನ್ನೊಂದು ದನಿಯ ಪರ ವಾದಿಸಲೇಬೇಕಾಗುತ್ತದೆ. ವಾದಿಸುತ್ತಾ ವಾದಿಸುತ್ತಾ ಅದನ್ನೇ ನಂಬುತ್ತಾರೆ. ಬಿಡುವ ಕಾರಣ ಅವರ ಬಾಯಿಂದಲೇ ಬರುವ ಹಾಗೆ ಕೇಳಿದರೆ ಅದು ಅವರದ್ದಾಗುತ್ತದೆ. ‘ಮಗಳ ಶಾಲೆಗೆ ಹೋದಾಗ ನನ್ನ ಬಾಯಿ ವಾಸನೆಗೆ ಅವಳು ಮುಖ ತಿರುಗಿಸಿದಳು’ ಎಂದು ಅಪ್ಪನೇ ಹೇಳಿದ ಕಾರಣದ ತೂಕ, ಅದನ್ನೇ ಹೆಂಡತಿ ನೂರು ಸಲ ಹೇಳಿದರೂ ಬರುವುದಿಲ್ಲ.

ಸ್ವಸಹಾಯ ಗುಂಪುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಶುರುವಾಯಿತು. ಅದರ ಮೊದಲ ಹೆಜ್ಜೆ, ಮದ್ಯದ ಎದುರು ನಮಗೆ ಬಲವಿಲ್ಲ ಎಂದು ಒಪ್ಪುವುದು. ಇದು ಆಯ್ಕೆಯನ್ನೇ ಬಿಟ್ಟುಕೊಟ್ಟ ಹಾಗೆ ಕೇಳಿಸುತ್ತದೆ. ಆದರೆ ಇಳಿಜಾರು ನೆನಪಿಸಿಕೊಳ್ಳಿ. ಅರ್ಧ ಇಳಿದ ಮೇಲೆ ನನ್ನಿಂದ ನಿಲ್ಲಲು ಆಗುವುದಿಲ್ಲ ಎಂದು ಒಪ್ಪಿದವರು ಮಾತ್ರ ತುದಿಯಲ್ಲೇ ನಿಲ್ಲುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಸಭೆಗೆ ಹೋಗುವುದು, ಫೋನ್ ಮಾಡುವುದು, ಕ್ಷಮೆ ಕೇಳುವುದು, ಎಲ್ಲ ಅವರೇ ಮಾಡಬೇಕಾದ ಕೆಲಸ.

ಮನೆಯಲ್ಲಿ ದಿನಾ ಸಂಜೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇವತ್ತು ಕುಡಿದ್ರಾ?" ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ, ಅವುಗಳಲ್ಲಿ ಒಂದು ಸುಳ್ಳಾಗಿರಬಹುದು. "ಇವತ್ತು ಯಾವ ಹೊತ್ತು ಜಾಸ್ತಿ ಕಷ್ಟ ಆಯ್ತು?" ಎಂದು ಕೇಳಿ ನೋಡಿ. ಮೊದಲ ಕೆಲವು ದಿನ ‘ಏನಿಲ್ಲ’ ಎಂದೇ ಬರಬಹುದು. ಒಂದು ದಿನ ‘ಆರು ಗಂಟೆಗೆ, ಎಲ್ಲರೂ ಎದ್ದು ಹೋದ ಮೇಲೆ ಒಬ್ಬನೇ ಕೂತಿದ್ದೆ’ ಎಂದು ಬರುತ್ತದೆ. ಆಗ ನಿಮಗಿಬ್ಬರಿಗೂ ಒಂದು ಹೊತ್ತು ಗೊತ್ತಾಯಿತು, ಒಂದು ಭಾವನೆ ಗೊತ್ತಾಯಿತು. ನಾಳೆ ಐದೂವರೆಗೆ ಒಂದು ಫೋನ್ ಮಾಡಬಹುದು.